ಮೊದಲು ಕರೆಯಬೇಕಾದವರು ಯಾರು?

ಅಂಗಡಿಯಿಂದ ಎರಡು-ಮೂರು ಸಾವಿರ ರೂಪಾಯಿಯ ಪುಟ್ಟ ವೈಫೈ ಕ್ಯಾಮೆರಾ ತಂದು ಗೋಡೆಗೆ ಸಿಕ್ಕಿಸಿ. ಸ್ವಲ್ಪ ಹೊತ್ತಿನಲ್ಲೇ ಅದು ಹೇಳಿದ ಮಾತು ಕೇಳತೊಡಗುತ್ತದೆ. ‘ಅಲೆಕ್ಸಾ, ಶೋ ಫ್ರಂಟ್ ಗೇಟ್’ ಅಂದರೆ ಸಾಕು, ಅಡುಗೆಮನೆಯ ಎಕೋ ಶೋ ಪರದೆಯಲ್ಲಿ ಗೇಟು ಕಾಣಿಸುತ್ತದೆ. ಅದೇ ಮನೆಯ ಸಜ್ಜದ ಕೆಳಗೆ ಇನ್ನೊಂದು ಕ್ಯಾಮೆರಾ ಇದೆ ಅಂದುಕೊಳ್ಳಿ. ಐದಾರು ಪಟ್ಟು ಹೆಚ್ಚು ದುಡ್ಡು ಕೊಟ್ಟು, ಕೇಬಲ್ ಎಳೆಸಿ, ರೆಕಾರ್ಡರ್ ಇಡಿಸಿ ಹಾಕಿಸಿದ ವೃತ್ತಿಪರ ಕ್ಯಾಮೆರಾ ಅದು. ಮಲೆನಾಡಿನ ಮಳೆಗೂ ಬಗ್ಗದ ಮೈ, ಕತ್ತಲಲ್ಲೂ ಮುಖ ಗುರುತಿಸುವಷ್ಟು ಸ್ಪಷ್ಟ ಚಿತ್ರ. ಆದರೆ ಕರೆದರೆ ಮಾತ್ರ ಓಗೊಡುವುದಿಲ್ಲ.

ದುಬಾರಿ ಕ್ಯಾಮೆರಾಕ್ಕೆ ಬುದ್ಧಿ ಕಡಿಮೆ ಎಂದು ಹಲವರು ಸುಮ್ಮನಾಗುತ್ತಾರೆ. ಮೊಣಕಾಲು ನೋವಿನಿಂದ ಎದ್ದು ಹೋಗಲಾಗದ ಅಜ್ಜಿಗೆ, ಕೈಯೆಲ್ಲ ರೊಟ್ಟಿ ಹಿಟ್ಟಾಗಿರುವವರಿಗೆ, ಮೊಬೈಲಿನ ಆ್ಯಪ್ ತೆರೆಯಲು ತಡವರಿಸುವವರಿಗೆ ಕರೆದರೆ ಚಿತ್ರ ತೋರಿಸುವ ಈ ಸೌಲಭ್ಯ ನಿಜವಾಗಿಯೂ ಬೇಕು. ಅದಕ್ಕೇ ಇದನ್ನು ಅಷ್ಟಕ್ಕೇ ಬಿಟ್ಟುಬಿಡಲು ನನಗೆ ಮನಸ್ಸಿಲ್ಲ. ಎರಡು ಕ್ಯಾಮೆರಾಗಳ ನಡುವಿನ ವ್ಯತ್ಯಾಸಕ್ಕೆ ಬುದ್ಧಿ ಕಾರಣವಲ್ಲ. ಯಾರು ಯಾರನ್ನು ಮೊದಲು ಕರೆಯುತ್ತಾರೆ ಎಂಬುದರಲ್ಲಿ ಎಲ್ಲವೂ ಇದೆ.

ಕೇಳುವವರೆಗೆ ಕಾಯುವ ಕ್ಯಾಮೆರಾ

ಕಂಪ್ಯೂಟರ್ ಜಾಲಕ್ಕೆ ನೇರವಾಗಿ ಜೋಡಿಸಬಹುದಾದ ಮೊದಲ ಕ್ಯಾಮೆರಾವನ್ನು 1996ರಲ್ಲಿ ಮಾರುಕಟ್ಟೆಗೆ ತಂದದ್ದು ಸ್ವೀಡನ್ನಿನ ಲುಂಡ್ ಊರಿನ ಆ್ಯಕ್ಸಿಸ್ ಕಂಪನಿ. ದೊಡ್ಡ ಗಾತ್ರದ ಚಿತ್ರ ಕೇಳಿದರೆ ಅದು 17 ಸೆಕೆಂಡಿಗೆ ಒಂದನ್ನು ಕೊಡುತ್ತಿತ್ತು. ಅಲ್ಲಿಂದ ಇಲ್ಲಿಯವರೆಗೆ ವೇಗ ನೂರಾರು ಪಟ್ಟು ಏರಿದೆ, ಆದರೆ ಒಂದು ಗುಣ ಬದಲಾಗಿಲ್ಲ. ವೃತ್ತಿಪರ ಜಾಲದ ಕ್ಯಾಮೆರಾ ಎಂದರೆ ಒಳಗೊಳಗೇ ಒಂದು ಸಣ್ಣ ಸರ್ವರ್. ಚಿತ್ರ ಸಿದ್ಧವಾಗಿಟ್ಟುಕೊಂಡು ಅದು ಕಾಯುತ್ತ ಕೂರುತ್ತದೆ. ಯಾರಾದರೂ ಬಂದು ಹೆಸರು, ಪಾಸ್‌ವರ್ಡ್ ಹೇಳಿ ಕೇಳಿದರೆ ಕೊಡುತ್ತದೆ. ತಾನಾಗಿ ಯಾರನ್ನೂ ಹುಡುಕಿಕೊಂಡು ಹೋಗುವುದಿಲ್ಲ.

ಹೀಗೆ ಕೇಳುವ ಭಾಷೆಗೆ ಆರ್‌ಟಿಎಸ್‌ಪಿ ಎಂದು ಹೆಸರು. 1998ರಲ್ಲಿ ಇದರ ನಿಯಮಗಳು ಪ್ರಕಟವಾದವು. ‘ನಿನ್ನಲ್ಲಿ ಏನಿದೆ?’, ‘ಸಿದ್ಧವಾಗು’, ‘ಶುರು ಮಾಡು’, ‘ನಿಲ್ಲಿಸು’ ಎಂಬಂಥ ಕೆಲವೇ ಆದೇಶಗಳು ಅದರಲ್ಲಿವೆ. ಮುಂದೆ 2008ರಲ್ಲಿ ಆ್ಯಕ್ಸಿಸ್, ಬಾಷ್, ಸೋನಿ ಮೂರೂ ಸೇರಿ ಆನ್‌ವಿಫ್ ಎಂಬ ವೇದಿಕೆ ಕಟ್ಟಿದವು. ಒಂದು ಕಂಪನಿಯ ಕ್ಯಾಮೆರಾ ಇನ್ನೊಂದು ಕಂಪನಿಯ ರೆಕಾರ್ಡರಿನೊಂದಿಗೆ ಹೊಂದಿಕೊಳ್ಳಬೇಕು ಎಂಬುದು ಅದರ ಗುರಿ. ಇವತ್ತು ರೆಕಾರ್ಡರ್ ಕೆಟ್ಟರೆ ಕ್ಯಾಮೆರಾಗಳನ್ನೂ ಎಸೆಯಬೇಕಾಗಿಲ್ಲ ಎಂದರೆ ಅದಕ್ಕೆ ಈ ಒಪ್ಪಂದವೇ ಕಾರಣ. ಗ್ರಾಹಕರಿಗೆ ಇಷ್ಟು ಉಪಕಾರ ಮಾಡಿದ ತಾಂತ್ರಿಕ ಒಪ್ಪಂದಗಳು ಕಡಿಮೆ ಎಂದೇ ನನ್ನ ಅಭಿಪ್ರಾಯ.

ಎನ್‌ವಿಆರ್ ಎಂದು ಕರೆಯುವ ರೆಕಾರ್ಡರ್ ಇರುವುದೂ ಮನೆಯೊಳಗೇ, ಕ್ಯಾಮೆರಾ ಇರುವುದೂ ಮನೆಯೊಳಗೇ. ಒಂದು ಕೇಳುತ್ತದೆ, ಇನ್ನೊಂದು ಕೊಡುತ್ತದೆ. ಸೆಕೆಂಡಿಗೆ 4 ಮೆಗಾಬಿಟ್ ಹರಿಸುವ ಒಂದು ಕ್ಯಾಮೆರಾ ದಿನಕ್ಕೆ ಸುಮಾರು 43 ಗಿಗಾಬೈಟ್ ತುಂಬಿಸುತ್ತದೆ. ಎಂಟು ಕ್ಯಾಮೆರಾ ಇದ್ದರೆ 345 ಗಿಗಾಬೈಟ್. ಇಷ್ಟನ್ನೂ ಇಂಟರ್ನೆಟ್ಟಿನಲ್ಲಿ ಹೊರಗೆ ಕಳಿಸುತ್ತ ಕೂರುವುದು ಸಾಮಾನ್ಯ ಮನೆಗೆ ಆಗದ ಮಾತು. ಆದ್ದರಿಂದ ವೃತ್ತಿಪರ ಕ್ಯಾಮೆರಾ ಹುಟ್ಟಿನಿಂದಲೇ ಒಳಮನೆಯ ಪ್ರಾಣಿ.

ಮಾತು ಎಲ್ಲಿಗೆ ಹೋಗುತ್ತದೆ?

ಮಾತು ಕೇಳುವ ಸಹಾಯಕ ಮಾತ್ರ ಹೊರಗಿನದು. 2014ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಮೊದಲು ಬಂದ ಎಕೋ ಸ್ಪೀಕರ್ ಭಾರತಕ್ಕೆ ಕಾಲಿಟ್ಟದ್ದು 2017ರಲ್ಲಿ. ಮೇಜಿನ ಮೇಲಿನ ಆ ಡಬ್ಬಿ ತಾನೇ ಗುರುತಿಸುವುದು ‘ಅಲೆಕ್ಸಾ’ ಎಂಬ ಎಚ್ಚರಿಸುವ ಪದವನ್ನಷ್ಟೇ. ಆ ಪದ ಕಿವಿಗೆ ಬಿದ್ದ ಮೇಲೆ ಆಡಿದ ಮಾತು ಅದನ್ನು ತಯಾರಿಸಿದ ಕಂಪನಿಯ ದೂರದ ಸರ್ವರುಗಳಿಗೆ ಹೋಗುತ್ತದೆ. ಅಲ್ಲಿ ಧ್ವನಿ ಅಕ್ಷರವಾಗುತ್ತದೆ, ಅಕ್ಷರದಿಂದ ಉದ್ದೇಶ ಹೊರಡುತ್ತದೆ: ಮಾಡಬೇಕಾದ ಕೆಲಸ ತೋರಿಸುವುದು; ವಸ್ತು ‘ಫ್ರಂಟ್ ಗೇಟ್’ ಹೆಸರಿನ ಕ್ಯಾಮೆರಾ; ಜಾಗ ಈ ಪರದೆ.

ಮುಂದಿನ ಹೆಜ್ಜೆಯಲ್ಲೇ ತೊಡಕು. ಅಲೆಕ್ಸಾ ನೇರವಾಗಿ ನಿಮ್ಮ ಕ್ಯಾಮೆರಾವನ್ನು ಕೇಳುವುದಿಲ್ಲ. ಆ ಕ್ಯಾಮೆರಾದ ಪರವಾಗಿ ಉತ್ತರ ಹೇಳುವ ಇನ್ನೊಂದು ಸರ್ವರನ್ನು ಕೇಳುತ್ತದೆ. ‘ಸ್ಕಿಲ್’ ಎಂಬ ಹೆಸರಿನಲ್ಲಿ ನಾವು ಆ್ಯಪಿನಲ್ಲಿ ಜೋಡಿಸಿಕೊಳ್ಳುವುದು ಈ ಕೊಂಡಿಯನ್ನೇ. ‘ಗೇಟಿನ ಚಿತ್ರ ಎಲ್ಲಿ ಸಿಗುತ್ತದೆ?’ ಎಂದು ಅಲೆಕ್ಸಾ ಕೇಳಬೇಕು, ಆ ಸರ್ವರ್ ಒಂದು ವಿಳಾಸ ಹೇಳಬೇಕು, ಎಕೋ ಶೋ ಆ ವಿಳಾಸಕ್ಕೆ ಹೋಗಿ ಚಿತ್ರ ತರಬೇಕು. ಅಗ್ಗದ ಕ್ಯಾಮೆರಾ ಮಾಡುವ ಕಂಪನಿಗಳು ಇಂಥ ಸರ್ವರನ್ನು ಮೊದಲ ದಿನದಿಂದಲೇ ನಡೆಸುತ್ತವೆ. ವೃತ್ತಿಪರ ಕ್ಯಾಮೆರಾದ ಪರವಾಗಿ ಹೊರಗೆ ಮಾತಾಡುವವರು ಬಹಳ ಸಲ ಯಾರೂ ಇರುವುದಿಲ್ಲ. ಅದಕ್ಕಿರುವುದು 192.168.1.64 ಎಂಬಂಥ ಒಂದು ಮನೆಯೊಳಗಿನ ವಿಳಾಸ ಮಾತ್ರ. ಇಂಥದೇ ವಿಳಾಸ ಬೆಳಗಾವಿಯ ಇನ್ನೊಂದು ಮನೆಯಲ್ಲೂ ಇರಬಹುದು, ಬ್ರೆಜಿಲ್‌ನ ಮತ್ತೊಂದರಲ್ಲೂ ಇರಬಹುದು. ಹೊರಗಿನವರಿಗೆ ಅದು ಅರ್ಥವಿಲ್ಲದ ಅಂಕಿ.

ಗೇಟಿನ ಸೆಕ್ಯುರಿಟಿ

ಒಂದು ಅಪಾರ್ಟ್‌ಮೆಂಟ್ ಸಮುಚ್ಚಯವನ್ನು ನೆನೆಯಿರಿ. ಹೊರಗಿನ ಲೋಕಕ್ಕೆ ಇಡೀ ಸಮುಚ್ಚಯದ ವಿಳಾಸ ಒಂದೇ. ಒಳಗೆ ನೂರಾರು ಮನೆಗಳಿಗೆ ಅವುಗಳದೇ ನಂಬರ್. ಗೇಟಿನಲ್ಲಿ ಒಬ್ಬ ಸೆಕ್ಯುರಿಟಿ ಇದ್ದಾನೆ. ಅವನ ನಿಯಮ ಬಹಳ ಸರಳ: ಒಳಗಿನವರು ಯಾರನ್ನಾದರೂ ಕರೆಸಿದ್ದರೆ, ಬಂದವನನ್ನು ಆ ಮನೆಗೆ ಬಿಡು; ಯಾರೂ ಕರೆಸದೆ ಬಂದವನನ್ನು ಹಿಂದಕ್ಕೆ ಕಳಿಸು. 302ನೇ ಮನೆಯವರು ಊಟ ತರಿಸಿದರೆ ಡೆಲಿವರಿ ಹುಡುಗ ಒಳಗೆ ಹೋಗುತ್ತಾನೆ. ಸುಮ್ಮನೆ ಬಂದ ಅಪರಿಚಿತ ಎಷ್ಟೇ ಒಳ್ಳೆಯವನಾದರೂ ಗೇಟಿನಲ್ಲೇ ನಿಲ್ಲುತ್ತಾನೆ.

ನಮ್ಮ ಮನೆಯ ರೂಟರ್ ಮಾಡುವುದು ಇದೇ ಕೆಲಸ. ತಂತ್ರಜ್ಞರು ಇದನ್ನು ನ್ಯಾಟ್ ಎನ್ನುತ್ತಾರೆ, ನಾವು ವಿಳಾಸ ಬದಲಾವಣೆ ಎನ್ನೋಣ. ಹಳೆಯ ಇಂಟರ್ನೆಟ್ ವಿಳಾಸಗಳು ಒಟ್ಟು ಸುಮಾರು 429 ಕೋಟಿ ಮಾತ್ರ. ಅವು ಮುಗಿದುಹೋಗುತ್ತವೆ ಎಂಬ ಆತಂಕದಲ್ಲಿ 1994ರಲ್ಲಿ ಈ ಏರ್ಪಾಡನ್ನು ಮುಂದಿಟ್ಟರು. ಸದ್ಯಕ್ಕೆ ಎಂದು ಸೂಚಿಸಿದ್ದು ಮೂರು ದಶಕದ ನಂತರವೂ ಮನೆಮನೆಯಲ್ಲಿ ನಡೆಯುತ್ತಿದೆ. ಒಳಗಿನ ಫೋನು, ಟೀವಿ ಹೊರಗೆ ಯಾರನ್ನಾದರೂ ಕೇಳಿದಾಗ ರೂಟರ್ ಅದನ್ನು ಬರೆದಿಟ್ಟುಕೊಂಡು, ಉತ್ತರ ಬಂದಾಗ ಆ ಸಾಧನಕ್ಕೇ ತಲುಪಿಸುತ್ತದೆ. ತಾನಾಗಿ ಹೊರಗಿನಿಂದ ಬಂದದ್ದನ್ನು ಬೀಳಿಸಿಬಿಡುತ್ತದೆ.

ಈಗ ಒಗಟು ಬಿಡಿಸಿಕೊಳ್ಳುತ್ತದೆ. ಕ್ಯಾಮೆರಾ ಕರೆಯುವವರಿಗಾಗಿ ಕಾಯುತ್ತದೆ. ಸಹಾಯಕ ಇರುವುದು ಹೊರಗೆ. ಹೊರಗಿನಿಂದ ಬಂದ ಕರೆಯನ್ನು ಗೇಟು ಒಳಗೆ ಬಿಡುವುದಿಲ್ಲ. ಅಗ್ಗದ ಕ್ಯಾಮೆರಾ ಕರೆಂಟು ಬಂದ ಕೂಡಲೇ ತಾನೇ ಹೊರಗಿನ ಕಂಪನಿ ಸರ್ವರನ್ನು ಕರೆದು, ಆ ಸಂಪರ್ಕವನ್ನು ಕಡಿಯದೆ ಹಿಡಿದುಕೊಂಡಿರುತ್ತದೆ. ಅದರ ಚುರುಕುತನವೆಲ್ಲ ಈ ಒಂದು ವರ್ತನೆಯಲ್ಲಿದೆ.

ಭಾರತದ ಎಷ್ಟೋ ಮನೆಗಳಿಗೆ ಸೆಕ್ಯುರಿಟಿ ಒಬ್ಬನೇ ಅಲ್ಲ, ಬಡಾವಣೆಯ ಗೇಟಿನಲ್ಲಿ ಇನ್ನೊಬ್ಬನಿದ್ದಾನೆ. ಮೊಬೈಲ್ ಇಂಟರ್ನೆಟ್ಟಿನಲ್ಲೂ ಅನೇಕ ಫೈಬರ್ ಸಂಪರ್ಕಗಳಲ್ಲೂ ಸೇವೆ ಕೊಡುವ ಕಂಪನಿಯೇ ಎರಡನೇ ಸಲ ವಿಳಾಸ ಬದಲಿಸುತ್ತದೆ. ರೂಟರಿನ ಪುಟ ತೆರೆದಾಗ ಹೊರವಿಳಾಸ 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ ನೀವೂ ಅಂಥ ಎರಡು ಗೇಟುಗಳ ಹಿಂದೆ ಇದ್ದೀರಿ. ಈ ಅಂಕಿಗಳನ್ನು 2012ರಲ್ಲಿ ಇದೇ ಕೆಲಸಕ್ಕೆಂದು ಮೀಸಲಿಟ್ಟರು.

ಗೇಟು ತೆರೆದಿಟ್ಟರೆ

‘ಪೋರ್ಟ್ ಓಪನ್ ಮಾಡಿಬಿಡಿ’ ಎಂಬುದು ಕ್ಯಾಮೆರಾ ಹಾಕುವವರ ನಡುವೆ ಬಹಳ ಕಾಲ ಚಲಾವಣೆಯಲ್ಲಿದ್ದ ಪರಿಹಾರ. ಅಂದರೆ, ಈ ಸಂಖ್ಯೆಗೆ ಬಂದ ಕರೆಯನ್ನು ಯಾರು ಎಂದು ವಿಚಾರಿಸದೆ ನೇರ ಕ್ಯಾಮೆರಾಕ್ಕೆ ಬಿಡು ಎಂದು ರೂಟರಿಗೆ ಹೇಳುವುದು. ಎರಡನೇ ಗೇಟು ಇದ್ದರೆ ಇದು ನಡೆಯುವುದೂ ಇಲ್ಲ. ನಡೆದರೆ ಅದು ಇನ್ನೂ ಕೆಟ್ಟದ್ದು.

2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಹರಡಿದ್ದು ಹೀಗೆ ಹೊರಗಿನಿಂದ ತಲುಪಬಹುದಾಗಿದ್ದ ಕ್ಯಾಮೆರಾ, ಡಿವಿಆರ್, ರೂಟರುಗಳ ಮೂಲಕ. ಅದರ ಬಳಿ ಇದ್ದದ್ದು ಕಾರ್ಖಾನೆಯಲ್ಲಿ ಹಾಕಿ ಕಳಿಸಿದ, ಯಾರೂ ಬದಲಿಸದ 60ಕ್ಕೂ ಹೆಚ್ಚು ಹೆಸರು-ಪಾಸ್‌ವರ್ಡ್ ಜೋಡಿಗಳ ಪಟ್ಟಿ. ಒಂದೊಂದನ್ನೇ ಹಚ್ಚಿ ನೋಡುತ್ತ ಲಕ್ಷಾಂತರ ಸಾಧನಗಳನ್ನು ವಶಪಡಿಸಿಕೊಂಡಿತು. ಅದೇ ವರ್ಷ ಅಕ್ಟೋಬರ್ 21ರಂದು ಆ ಸಾಧನಗಳ ಸೇನೆ, ತಾಣಗಳ ಹೆಸರಿಗೆ ವಿಳಾಸ ಹುಡುಕಿಕೊಡುವ ಅಮೆರಿಕದ ಡೈನ್ ಕಂಪನಿಯ ಮೇಲೆ ಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಗಂಟೆಗಟ್ಟಲೆ ಸಿಗದೆ ಹೋದವು. ಮನೆ ಕಾಯಲು ಇಟ್ಟ ಕ್ಯಾಮೆರಾ ಬೇರೆಯವರ ಆಯುಧವಾಗಿತ್ತು, ಮನೆಯವರಿಗೆ ಗೊತ್ತೇ ಇರಲಿಲ್ಲ.

ಭಾರತ ಸರ್ಕಾರ 2024ರ ಏಪ್ರಿಲ್‌ನಲ್ಲಿ ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆ ಕಡ್ಡಾಯ ಮಾಡಿ ಅಧಿಸೂಚನೆ ಹೊರಡಿಸಿತು. ಅದು 2025ರ ಏಪ್ರಿಲ್‌ನಿಂದ ಜಾರಿಗೆ ಬಂದಿದೆ. ಒಳ್ಳೆಯ ಹೆಜ್ಜೆ. ಆದರೂ ಪರೀಕ್ಷೆ ಪಾಸಾದ ಕ್ಯಾಮೆರಾವನ್ನು ಸಹ ತೆರೆದ ಗೇಟಿನೆದುರು ನಿಲ್ಲಿಸಬಾರದು ಎಂದು ನಾನು ಒತ್ತಿ ಹೇಳುತ್ತೇನೆ. ಕ್ಯಾಮೆರಾದ ಒಳತಂತ್ರಾಂಶದಲ್ಲಿ ಹೊಸ ದೋಷಗಳು ಪತ್ತೆಯಾಗುತ್ತಲೇ ಇರುತ್ತವೆ, ಅದನ್ನು ನವೀಕರಿಸುವವರು ಕಡಿಮೆ.

ಹಾಗಾದರೆ ಎಲ್ಲವನ್ನೂ ಕಂಪನಿಯ ಸರ್ವರಿಗೆ ಒಪ್ಪಿಸಿಬಿಡುವುದೇ? ಅದರಲ್ಲಿ ಬೇರೆ ಬಗೆಯ ಅಪಾಯವಿದೆ. 2021ರ ಮಾರ್ಚ್‌ನಲ್ಲಿ ಅಮೆರಿಕದ ವರ್ಕಾಡಾ ಎಂಬ ಕ್ಲೌಡ್ ಕ್ಯಾಮೆರಾ ಕಂಪನಿಯೊಳಕ್ಕೆ ನುಗ್ಗಿದವರಿಗೆ ಸುಮಾರು 1,50,000 ಕ್ಯಾಮೆರಾಗಳ ದೃಶ್ಯ ಒಟ್ಟಿಗೇ ಸಿಕ್ಕಿತು. ಅವುಗಳಲ್ಲಿ ಆಸ್ಪತ್ರೆ, ಶಾಲೆ, ಜೈಲುಗಳೂ ಇದ್ದವು. ಎಲ್ಲರ ಚಿತ್ರ ಒಂದೇ ಕಡೆ ಹಾದುಹೋದರೆ ಒಂದು ಬೀಗ ಒಡೆದವನಿಗೆ ಎಲ್ಲರ ಮನೆಯೂ ಕಾಣುತ್ತದೆ.

ಪರಿಚಯ ಹೊರಗೆ, ಚಿತ್ರ ಒಳಗೆ

ಗೇಟು ತೆರೆಯದೆ, ಚಿತ್ರವನ್ನು ಪರರಿಗೆ ಒಪ್ಪಿಸದೆ ಕೆಲಸ ಆಗಬೇಕು. ಅದಕ್ಕೆ ಮನೆಯೊಳಗೆ ಒಂದು ಸೇತು ಬೇಕು. ಸಣ್ಣ ಕಂಪ್ಯೂಟರ್ ಸಾಕು, ರಾಸ್‌ಬೆರಿ ಪೈ ಆದರೂ ನಡೆಯುತ್ತದೆ. ಅದರ ಒಂದು ಕೈ ಕ್ಯಾಮೆರಾದ ಕಡೆಗೆ: ಆರ್‌ಟಿಎಸ್‌ಪಿ ಭಾಷೆಯಲ್ಲಿ ಕೇಳಿ ಚಿತ್ರ ಪಡೆಯುತ್ತದೆ. ಇನ್ನೊಂದು ಕೈ ಹೊರಗೆ: ತಾನೇ ಮೊದಲು ಕರೆ ಮಾಡಿ, ಸಹಾಯಕನ ಕಡೆಯ ಸರ್ವರಿನೊಂದಿಗೆ ಸಂಪರ್ಕ ಇಟ್ಟುಕೊಂಡಿರುತ್ತದೆ. ಕ್ಯಾಮೆರಾಕ್ಕಿಲ್ಲದ ‘ಮೊದಲು ಕರೆಯುವ’ ಗುಣವನ್ನು ಸೇತು ತುಂಬಿಕೊಡುತ್ತದೆ. ಹೋಮ್ ಅಸಿಸ್ಟೆಂಟ್ ಎಂಬ ಮುಕ್ತ ತಂತ್ರಾಂಶ ಈ ಕೆಲಸಕ್ಕೆ ಹೆಸರಾಗಿದೆ. ಚಿತ್ರದ ಭಾಷಾಂತರ ಮಾಡುವ ಗೋ-ಟು-ಆರ್‌ಟಿಸಿ ಎಂಬ ಪುಟ್ಟ ತಂತ್ರಾಂಶವನ್ನು 2024ರ ನವೆಂಬರ್‌ನಿಂದ ಅದರೊಳಗೇ ಸೇರಿಸಿದ್ದಾರೆ.

ಚಿತ್ರ ಯಾವ ದಾರಿಯಲ್ಲಿ ಬರುತ್ತದೆ ಎಂಬುದು ನನಗೆ ಇಡೀ ವಿಷಯದ ಅತ್ಯಂತ ಸುಂದರ ಭಾಗ. ಎರಡು ಬೇರೆಬೇರೆ ಸಮುಚ್ಚಯಗಳ ಇಬ್ಬರು ಒಬ್ಬರನ್ನೊಬ್ಬರು ಕಾಣಬೇಕು, ಇಬ್ಬರ ಗೇಟಿನಲ್ಲೂ ಸೆಕ್ಯುರಿಟಿ ಇದ್ದಾನೆ ಎಂದಿಟ್ಟುಕೊಳ್ಳಿ. ಇಬ್ಬರಿಗೂ ಗೊತ್ತಿರುವ ಮೂರನೆಯವರೊಬ್ಬರು ಫೋನು ಮಾಡಿ ಇವರ ಹೆಸರು ಅವರಿಗೆ, ಅವರ ಹೆಸರು ಇವರಿಗೆ ಹೇಳುತ್ತಾರೆ. ಇಬ್ಬರೂ ತಮ್ಮ ತಮ್ಮ ಸೆಕ್ಯುರಿಟಿಗೆ ‘ಇಂಥವರು ಬರುತ್ತಾರೆ, ನಾನೇ ಕರೆಸಿದ್ದು’ ಎಂದು ತಿಳಿಸುತ್ತಾರೆ. ಆಮೇಲೆ ಯಾವ ಗೇಟೂ ಅಡ್ಡಿಯಾಗುವುದಿಲ್ಲ, ಮೂರನೆಯವರೂ ಬೇಕಾಗುವುದಿಲ್ಲ.

ವೆಬ್‌ಆರ್‌ಟಿಸಿ ಎಂಬ ತಂತ್ರ ಹೀಗೆಯೇ ನಡೆಯುತ್ತದೆ. ಗೂಗಲ್ ಇದನ್ನು 2011ರಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿತು. ಬ್ರೌಸರಿನಲ್ಲಿ ನಡೆಯುವ ವಿಡಿಯೊ ಮಾತುಕತೆಗಳ ಹಿಂದೆ ಇರುವುದು ಬಹುಮಟ್ಟಿಗೆ ಇದೇ. ಸೇತು ಒಂದು ಕಡೆ, ಪರದೆ ಇನ್ನೊಂದು ಕಡೆ. ಎರಡೂ ತಮ್ಮನ್ನು ತಲುಪಬಹುದಾದ ದಾರಿಗಳ ಪಟ್ಟಿ ಮಾಡುತ್ತವೆ: ನನ್ನ ಮನೆಯೊಳಗಿನ ವಿಳಾಸ ಇದು, ಹೊರಗಿನವರಿಗೆ ನಾನು ಕಾಣುವ ವಿಳಾಸ ಇದು, ಯಾವುದೂ ಆಗದಿದ್ದರೆ ನಡುವೆ ದಾಟಿಸುವ ಸರ್ವರ್ ಇದು. ಈ ಪಟ್ಟಿಗಳನ್ನು ಅದಲುಬದಲು ಮಾಡಿಸುವುದಷ್ಟೇ ಕ್ಲೌಡಿನ ಕೆಲಸ. ನಂತರ ಎರಡೂ ಸಾಧನಗಳು ದಾರಿಗಳನ್ನು ಜೋಡಿ ಜೋಡಿಯಾಗಿ ಪರೀಕ್ಷಿಸಿ, ಒಳದಾರಿ ತೆರೆದಿದ್ದರೆ ಅದಕ್ಕೇ ಮೊದಲ ಆದ್ಯತೆ ಕೊಡುತ್ತವೆ. ಹಾಗಾಗಿ ಆಡಿದ ಮಾತು ಸಮುದ್ರ ದಾಟಿ ಬಂದಿದ್ದರೂ ಗೇಟಿನ ಚಿತ್ರ ಮನೆಯ ರೂಟರನ್ನು ದಾಟದೆ ಅಡುಗೆಮನೆಗೆ ಬರಬಹುದು. ಶಿವಮೊಗ್ಗದ ಮನೆಯನ್ನು ಕ್ಯಾಲಿಫೋರ್ನಿಯಾದಿಂದ ಮಗ ನೋಡುವಾಗ ಹೊರದಾರಿಯೇ ಬೇಕು. ಆಗಲೂ ಚಿತ್ರ ಗೂಢಲಿಪಿಯಲ್ಲೇ ಸಾಗುತ್ತದೆ, ನಡುವೆ ದಾಟಿಸುವ ಸರ್ವರಿಗೆ ಅದು ಬರೀ ಗೊಂದಲದ ಅಂಕಿಗಳು. ಪರಿಚಯ ಮಾಡಿಸುವವರು ಮಾತ್ರ ನಂಬಿಕಸ್ಥರಾಗಿರಬೇಕು. ತಪ್ಪು ವ್ಯಕ್ತಿಯನ್ನು ಪರಿಚಯಿಸಿದರೆ ಗೂಢಲಿಪಿಯಿಂದ ಉಪಯೋಗವಿಲ್ಲ.

ಯಾವ ದಾರಿಯಲ್ಲಿ ಬರುತ್ತಿದೆ ಎಂದು ಪರೀಕ್ಷಿಸುವುದು ಸುಲಭ. ಚಿತ್ರ ಓಡುತ್ತಿರುವಾಗ ರೂಟರಿನ ಪುಟದಲ್ಲಿ ಅಪ್‌ಲೋಡ್ ಅಳತೆ ನೋಡಿ. ಅದು ಅಲುಗದೆ ಇದ್ದರೆ ಚಿತ್ರ ಮನೆಯೊಳಗೇ ಇದೆ.

ಈ ಕೆಲಸಕ್ಕೆ ವೆಬ್‌ಆರ್‌ಟಿಸಿ ಬಳಕೆಗೆ ಬರುವ ಮುನ್ನ ಹವ್ಯಾಸಿಗಳು ಇನ್ನೊಂದು ಉಪಾಯ ಕಂಡುಕೊಂಡಿದ್ದರು. ಎಕೋ ಶೋಗೆ ಆರ್‌ಟಿಎಸ್‌ಪಿ ಬರುತ್ತದೆ, ಆದರೆ ಪ್ರಮಾಣಪತ್ರವಿರುವ ಭದ್ರ ಸಂಪರ್ಕವೇ ಬೇಕು, ಅದೂ 443ನೇ ಪೋರ್ಟಿನಲ್ಲೇ. ಸಾಮಾನ್ಯ ಕ್ಯಾಮೆರಾ ಕೊಡುವುದು 554ರಲ್ಲಿ, ಪ್ರಮಾಣಪತ್ರವಿಲ್ಲದೆ. ಮನೆಯೊಳಗಿನ ಅಂಕಿ ವಿಳಾಸಕ್ಕೆ ಯಾರೂ ಪ್ರಮಾಣಪತ್ರ ಕೊಡುವುದಿಲ್ಲ. ಹಾಗಾಗಿ ಒಂದು ನಿಜವಾದ ಡೊಮೇನ್ ಹೆಸರಿಗೆ ಪ್ರಮಾಣಪತ್ರ ಪಡೆದು, ಆ ಹೆಸರು ಮನೆಯೊಳಗಿನ ಸೇತುವಿನ ವಿಳಾಸವನ್ನೇ ತೋರುವಂತೆ ಮಾಡಿದರು. ಕ್ಲೌಡು ಹೇಳಿದ ಹೆಸರನ್ನು ಹಿಡಿದು ಹೊರಟ ಎಕೋ ಶೋ ಪಕ್ಕದ ಕೋಣೆಗೇ ಬಂದು ಸೇರುತ್ತದೆ! ಕೆಲವು ರೂಟರುಗಳು ಹೊರಗಿನ ಹೆಸರು ಒಳಗಿನ ವಿಳಾಸ ತೋರುವುದನ್ನು ಮೋಸವೆಂದು ತಿಳಿದು ತಡೆಯುತ್ತವೆ. ಎಲ್ಲ ಸರಿಯಿದ್ದೂ ಚಿತ್ರ ಬಾರದಿದ್ದರೆ ಮೊದಲು ನೋಡಬೇಕಾದದ್ದು ಅಲ್ಲಿ.

ಕಪ್ಪು ಪರದೆಯ ಕೆಲವು ಸೆಕೆಂಡು

ಸಂಪರ್ಕ ಸಿಕ್ಕರೂ ಚಿತ್ರ ತಡವಾಗಿ ಮೂಡುವುದು ಇನ್ನೊಂದು ದೂರು. ಇದರ ಕಾರಣ ಕ್ಯಾಮೆರಾ ಚಿತ್ರವನ್ನು ಹೇಗೆ ಹಿಂಡುತ್ತದೆ ಎಂಬುದರಲ್ಲಿದೆ. ಸೆಕೆಂಡಿಗೆ 25 ಚಿತ್ರಗಳನ್ನೂ ಪೂರ್ತಿ ಕಳಿಸಿದರೆ ಮನೆಯ ಜಾಲಕ್ಕೆ ಅದು ಭಾರ. ಅದಕ್ಕೆ ಕ್ಯಾಮೆರಾ ಒಮ್ಮೆ ಪೂರ್ಣ ಚಿತ್ರ ಕಳಿಸಿ, ಆಮೇಲೆ ‘ಏನು ಬದಲಾಯಿತು’ ಎಂಬುದನ್ನಷ್ಟೇ ಕಳಿಸುತ್ತ ಹೋಗುತ್ತದೆ. ನಡುವೆ ಸೇರಿಕೊಂಡ ಪರದೆಗೆ ಬದಲಾವಣೆಗಳು ಮಾತ್ರ ಸಿಗುತ್ತವೆ, ಯಾವುದರ ಬದಲಾವಣೆ ಎಂದು ತಿಳಿಯದು. ಮುಂದಿನ ಪೂರ್ಣ ಚಿತ್ರ ಬರುವವರೆಗೆ ಅದು ಕಾಯಲೇಬೇಕು. ಡಿಸ್ಕಿನಲ್ಲಿ ಜಾಗ ಉಳಿಸುವ ‘ಸ್ಮಾರ್ಟ್ ಕೋಡೆಕ್’ ಆಯ್ಕೆಗಳು ಈ ಅಂತರವನ್ನು ಇನ್ನಷ್ಟು ಎಳೆಯುತ್ತವೆ. ರೆಕಾರ್ಡಿಂಗಿಗೆ ಅದು ಒಳ್ಳೆಯದು, ಕರೆದ ಕೂಡಲೇ ನೋಡುವುದಕ್ಕಲ್ಲ.

ಹಿಂಡುವ ಭಾಷೆಯೂ ಮುಖ್ಯ. 2013ರಲ್ಲಿ ಬಂದ ಎಚ್.265, 2003ರ ಎಚ್.264ಕ್ಕಿಂತ ಹೆಚ್ಚು ಮಿತವ್ಯಯಿ. ವೃತ್ತಿಪರ ಕ್ಯಾಮೆರಾಗಳು ಅದನ್ನೇ ಇಷ್ಟಪಡುತ್ತವೆ. ಸಹಾಯಕನ ಪರದೆಗಳು ಮತ್ತು ವೆಬ್‌ಆರ್‌ಟಿಸಿ ನೆಚ್ಚಿಕೊಂಡಿರುವುದು ಎಚ್.264ನ್ನು. ಸೇತುವಿನಲ್ಲಿ ಅನುವಾದ ಮಾಡಿಸಬಹುದು, ಆದರೆ ಸಣ್ಣ ಕಂಪ್ಯೂಟರಿಗೆ ಅದು ಭಾರ. ಬಹುತೇಕ ವೃತ್ತಿಪರ ಕ್ಯಾಮೆರಾಗಳು ಒಂದೇ ಹೊತ್ತಿಗೆ ಎರಡು ಹರಿವು ಕೊಡುತ್ತವೆ: ದೊಡ್ಡ ಮೇನ್ ಸ್ಟ್ರೀಮ್, ಚಿಕ್ಕ ಸಬ್ ಸ್ಟ್ರೀಮ್. ಮೇನ್ ಸ್ಟ್ರೀಮನ್ನು ರೆಕಾರ್ಡರಿಗೇ ಬಿಡಿ. ಸಬ್ ಸ್ಟ್ರೀಮನ್ನು ಎಚ್.264ಕ್ಕೆ ಇಟ್ಟು, ಸ್ಮಾರ್ಟ್ ಕೋಡೆಕ್ ತೆಗೆದು, 25 ಚಿತ್ರದ ವೇಗಕ್ಕೆ ಪೂರ್ಣ ಚಿತ್ರದ ಅಂತರ 25 ಎಂದು ಕೊಟ್ಟರೆ ಸೆಕೆಂಡಿಗೊಂದು ಪೂರ್ಣ ಚಿತ್ರ ಸಿಗುತ್ತದೆ. ಅಂಗೈಯಗಲದ ಅಡುಗೆಮನೆ ಪರದೆಗೆ ಅಷ್ಟು ಸಾಕು.

ಧ್ವನಿಯ ವಿಷಯದಲ್ಲಿ ಒಂದು ಸಂತೋಷದ ಸಂಗತಿ ಇದೆ. ಟೆಲಿಫೋನಿಗಾಗಿ 1972ರಲ್ಲಿ ರೂಪಿಸಿದ ಜಿ.711 ಎಂಬ ಹಳೆಯ ವಿಧಾನ ಕ್ಯಾಮೆರಾಗಳಲ್ಲೂ ಇದೆ, ವೆಬ್‌ಆರ್‌ಟಿಸಿಯ ಕಡ್ಡಾಯ ಪಟ್ಟಿಯಲ್ಲೂ ಇದೆ. ಅದನ್ನು ಆರಿಸಿಕೊಂಡರೆ ಅನುವಾದವೇ ಬೇಡ.

ಕರೆಯುವ ಹೆಸರು, ಕೊಡುವ ಹಕ್ಕು

ಅಲೆಕ್ಸಾ ಭಾರತದಲ್ಲಿ ಇಂಗ್ಲಿಷಿನ ಜೊತೆಗೆ 2019ರಿಂದ ಹಿಂದಿಯನ್ನೂ ಕೇಳುತ್ತದೆ, ಕನ್ನಡವನ್ನು ಇನ್ನೂ ಕೇಳುವುದಿಲ್ಲ. ಕ್ಯಾಮೆರಾಕ್ಕೆ ‘ಹಿತ್ತಿಲು’, ‘ಜಗಲಿ’ ಎಂದು ಹೆಸರಿಟ್ಟರೆ ಇಂಗ್ಲಿಷಿಗೆ ಪಳಗಿದ ಕಿವಿ ಅದನ್ನು ಏನೇನೋ ಆಗಿ ಕೇಳಿಸಿಕೊಳ್ಳುತ್ತದೆ. ಸದ್ಯಕ್ಕೆ ‘ಗೇಟ್’, ‘ಪಾರ್ಕಿಂಗ್’, ‘ಟೆರೇಸ್’ ಎಂದಿಡುವುದು ಕ್ಷೇಮ. ಈ ಸೌಲಭ್ಯ ಹೆಚ್ಚು ಬೇಕಾಗಿರುವುದು ಮನೆಯ ಹಿರಿಯರಿಗೆ, ಅವರ ನಾಲಗೆಯಲ್ಲಿರುವುದು ಕನ್ನಡ. ಅದಕ್ಕೇ ಈ ಕೊರತೆ ನನ್ನನ್ನು ಕಾಡುತ್ತದೆ. ಪರಿಹಾರದ ಬೀಜ ಬಿದ್ದಿದೆ. ಓಪನ್ ಎಐ 2022ರಲ್ಲಿ ಮುಕ್ತವಾಗಿ ಕೊಟ್ಟ ವಿಸ್ಪರ್ ಎಂಬ ಮಾತು-ಗುರುತಿಸುವ ತಂತ್ರಾಂಶಕ್ಕೆ ಕನ್ನಡ ಗೊತ್ತು. ಮದ್ರಾಸ್ ಐಐಟಿಯ ಎಐ4ಭಾರತ್ ತಂಡ ಭಾರತೀಯ ಭಾಷೆಗಳಿಗೆಂದೇ ಇಂಥ ಮಾದರಿಗಳನ್ನು ಬೆಳೆಸಿದೆ. ಸ್ವಲ್ಪ ಗಟ್ಟಿಯಾದ ಕಂಪ್ಯೂಟರ್ ಇದ್ದರೆ ಇವು ಮನೆಯೊಳಗೇ ನಡೆಯುತ್ತವೆ. ಆಗ ಚಿತ್ರದಂತೆ ಮಾತೂ ಗೇಟು ದಾಟಬೇಕಾಗಿಲ್ಲ.

ಬೇರೆಬೇರೆ ಕಂಪನಿಗಳ ಮನೆ ಸಾಧನಗಳಿಗೆ ಸಾಮಾನ್ಯ ಭಾಷೆಯಾಗಿ 2022ರಲ್ಲಿ ಬಂದ ಮ್ಯಾಟರ್ ಒಪ್ಪಂದ, 2025ರ ನವೆಂಬರ್‌ನಲ್ಲಿ ಪ್ರಕಟವಾದ 1.5ನೇ ಆವೃತ್ತಿಯಲ್ಲಿ ಕ್ಯಾಮೆರಾಗಳನ್ನೂ ಸೇರಿಸಿಕೊಂಡಿತು. ಅದು ಆರಿಸಿಕೊಂಡ ದಾರಿಯೂ ವೆಬ್‌ಆರ್‌ಟಿಸಿಯೇ. ಮುಂದೆ ಕೊಳ್ಳುವ ಕ್ಯಾಮೆರಾಗಳಿಗೆ ಬೇರೆ ಸೇತು ಬೇಡವಾಗಬಹುದು. ಈಗಾಗಲೇ ಗೋಡೆಯ ಮೇಲಿರುವ, ಇನ್ನೂ ಹತ್ತು ವರ್ಷ ಬಾಳಬಲ್ಲ ಕ್ಯಾಮೆರಾಗಳಿಗೆ ಅದು ಬೇಕೇ ಬೇಕು.

ಸೇತು ಜೋಡಿಸುವಾಗ ಕ್ಯಾಮೆರಾದ ಅಡ್ಮಿನ್ ಪಾಸ್‌ವರ್ಡ್ ಕೊಡಬೇಡಿ. ಕ್ಯಾಮೆರಾದ ಪುಟದಲ್ಲಿ ‘ನೋಡಲು ಮಾತ್ರ’ ಹಕ್ಕಿರುವ ಇನ್ನೊಂದು ಬಳಕೆದಾರ ಹೆಸರು ಮಾಡಿ, ಅದನ್ನು ಕೊಡಿ. ಸಹಾಯಕನಿಗೆ ಎಲ್ಲ ಕ್ಯಾಮೆರಾಗಳನ್ನೂ ಒಪ್ಪಿಸಬೇಡಿ. ಮಾತು ಯಾರದೆಂದು ಅದು ಖಚಿತವಾಗಿ ಗುರುತಿಸಲಾರದು. ಮನೆಗೆ ಬಂದ ಯಾರೇ ಕೇಳಿದರೂ ತೋರಿಸುತ್ತದೆ. ಗೇಟು, ಪಾರ್ಕಿಂಗ್ ಕೊಡಿ. ಒಳಗಿನ ಹಜಾರ, ಮಕ್ಕಳ ಕೋಣೆಯ ಬಾಗಿಲು, ಬೀರು ಇರುವ ಕಡೆ ನೋಡುವ ಕ್ಯಾಮೆರಾಗಳು ರೆಕಾರ್ಡರಿನ ಜೊತೆ ಮಾತ್ರ ಮಾತಾಡಿಕೊಂಡಿರಲಿ.